ಹಳದಿ ಸೋಸುವ ಗಾಜು

ಊದುಮೇಸ್ತ್ರಿ ಕ್ಯಾಮೆರಾಕ್ಕೊಂದು ಫಿಲ್ಟರ್ ಆರಿಸಲು ಕುಳಿತು ನಾಲ್ಕು ತಿಂಗಳಾಗಿತ್ತು. ಮದುವೆಗೆ ಒಪ್ಪಲು ಅವನಿಗೆ ಹಿಡಿದದ್ದು ಕಾಲು ಗಂಟೆ. ಹೆಂಡತಿ ಇದನ್ನು ದಿನಕ್ಕೊಮ್ಮೆಯಾದರೂ ನೆನೆದುಕೊಳ್ಳುತ್ತಿದ್ದಳು, ನೆನೆದುಕೊಂಡು ಹೊಲಿಗೆ ಯಂತ್ರವನ್ನು ಒಂದಿಷ್ಟು ಜೋರಾಗಿಯೇ ತುಳಿಯುತ್ತಿದ್ದಳು.

ಮೇಸ್ತ್ರಿ ಎಂದರೆ ಮನೆ ಕಟ್ಟುವವನಲ್ಲ. ಪ್ರಯೋಗಾಲಯಗಳಿಗೆ ಬೇಕಾದ ಗಾಜಿನ ಕೊಳವೆ, ಬುರುಡೆಗಳನ್ನು ಬೆಂಕಿಯಲ್ಲಿ ಕಾಯಿಸಿ, ಊದಿ, ಬಗ್ಗಿಸಿ ಕೊಡುವ ಕಾರ್ಖಾನೆಯಲ್ಲಿ ಅವನಿಗೆ ಇಪ್ಪತ್ತು ವರ್ಷದ ಸೇವೆ. ಬೀದಿಯವರು ಇಟ್ಟ ಹೆಸರು ಊದುಮೇಸ್ತ್ರಿ. ಹೆಂಡತಿಯನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು.

ಹಗಲೆಲ್ಲ ಬೆಂಕಿ ನೋಡಿದವನಿಗೆ ಸಂಜೆಯಾದರೆ ನಕ್ಷತ್ರಗಳ ಹುಚ್ಚು. ಯಾರೋ ಬಳಸಿ ಬಿಟ್ಟ ಕ್ಯಾಮೆರಾ, ಒಂದು ಕಾಲು ಸ್ವಲ್ಪ ಗಿಡ್ಡವಾದ ಮುಕ್ಕಾಲಿ ಸ್ಟ್ಯಾಂಡು, ಇಷ್ಟನ್ನು ಇಟ್ಟುಕೊಂಡು ಮಹಡಿಯ ಮೇಲಿನ ಒಂದೇ ಕೋಣೆಯನ್ನು ಅವನು ಎರಡು ವರ್ಷದಿಂದ ಹಿಡಿದು ಕೂತಿದ್ದ. ಟೈಲರಮ್ಮನ ಯಂತ್ರ ಕೆಳಗೆ, ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ. ಬಚ್ಚಲ ಬಾಗಿಲು ತೆರೆದಾಗಲೆಲ್ಲ ಅವಳ ಮೊಣಕೈಗೆ ಏಟು. ಬಟ್ಟೆ ಕತ್ತರಿಸುವುದು ಹಾಸಿಗೆಯ ಮೇಲೆ, ಅದೂ ಅತ್ತೆ ಎದ್ದ ಮೇಲೆ. ಹೊಲಿಗೆ ಕಲಿಯುತ್ತೇವೆ ಎಂದು ಬಂದ ಆರು ಹೆಂಗಸರನ್ನು ಅವಳು ಜಾಗವಿಲ್ಲವೆಂದು ವಾಪಸು ಕಳಿಸಿದ್ದಳು. ಅವರ ಬೆನ್ನು ನೋಡಿದ ದಿನ ಅವಳಿಗೆ ನಿಜವಾಗಿ ಅಳು ಬಂದಿತ್ತು.

ಮೇಸ್ತ್ರಿ ತೆಗೆದ ಫೋಟೋಗಳಾದರೂ ಚೆನ್ನಾಗಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಬೀದಿಯ ಹಳೇ ಹಳದಿ ದೀಪಗಳು ಆಕಾಶಕ್ಕೂ ಹಳದಿ ಬಳಿದಿದ್ದವು. ಅವನು ನೀಹಾರಿಕೆ ಎಂದು ಬೆರಳಿಟ್ಟು ತೋರಿಸಿದಲ್ಲಿ ಅತ್ತೆಗೆ ಕಂಡದ್ದೇ ಬೇರೆ.

"ಚಹಾ ಚೆಲ್ಲಿದ್ದೀಯಲ್ಲೋ," ಎಂದರು ಅವರು. "ಒರೆಸಿಬಿಡು."

ಆ ಮಾತು ಮೇಸ್ತ್ರಿಗೆ ನಾಟಿತು. ಅವತ್ತೇ ಅವನು ಟಿಪ್ಪಣಿ ಪುಸ್ತಕ ತೆಗೆದು, ತಾಯಿಯ ಎದುರೇ ಬರೆದ: "ಇವತ್ತಿನಿಂದ ಐದನೇ ತಿಂಗಳ ಕೊನೆಯ ಶನಿವಾರದೊಳಗೆ ನಾನೇ ಫಿಲ್ಟರ್ ಆರಿಸಿ, ಬೇಟೆಗಾರ ನಕ್ಷತ್ರಪುಂಜದ ನೀಹಾರಿಕೆಯ ಫೋಟೋ ತೆಗೆದು ಗೋಡೆಗೆ ಹಾಕುತ್ತೇನೆ. ತಪ್ಪಿದರೆ ಕೋಣೆ ಹೆಂಡತಿಯದು." ಆ ಶನಿವಾರದ ನಂತರ ಬೇಟೆಗಾರ ಕತ್ತಲಾಗುವ ಹೊತ್ತಿಗೇ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ ಇಳಿದುಬಿಡುತ್ತಿದ್ದ. ಆ ಬರಹದ ಕೆಳಗೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದರು. ತೀರ್ಪುಗಾರ್ತಿ ಅತ್ತೆ.

ಆಮೇಲೆ ಶುರುವಾಯಿತು ನೋಡಿ ಆಯ್ಕೆಯ ಅವತಾರ. ಒಂದು ಫಿಲ್ಟರ್ ಹಳದಿ ದೀಪವನ್ನಷ್ಟೇ ತಡೆಯುತ್ತದೆ, ಕೈಗೆಟುಕುತ್ತದೆ, ಆದರೆ ನಾಳೆ ಬೀದಿಗೆ ಬಿಳಿ ದೀಪ ಬಂದರೆ ಕೆಲಸಕ್ಕೆ ಬಾರದು. ಇನ್ನೊಂದು ನೀಹಾರಿಕೆಯ ಬಣ್ಣವನ್ನು ಮಾತ್ರ ಒಳಗೆ ಬಿಡುತ್ತದೆ, ಆದರೆ ಅದರ ಬೆಲೆ ಕೇಳಿದರೆ ಕಣ್ಣೇ ಮುಚ್ಚಿಕೊಳ್ಳುತ್ತದೆ. ಮತ್ತೊಂದು ಕ್ಯಾಮೆರಾದ ಒಳಗೆ ಕೂರುವಂಥದ್ದು. ಇವನ ಮುದಿ ಕ್ಯಾಮೆರಾಕ್ಕೆ ಅದು ಕೂರುವುದಿಲ್ಲ. ಫೋಟೋ ಸ್ಟುಡಿಯೋದವನು ಒಂದು ಹೇಳಿದ, ಫೋನಿನಲ್ಲಿ ಸಿಕ್ಕ ಹವ್ಯಾಸಿಗಳು ಹತ್ತು ಹೇಳಿದರು. ಪುಸ್ತಕದಲ್ಲಿ ಗೆರೆ ಎಳೆದು, ಗುಣ ಒಂದು ಕಡೆ, ದೋಷ ಒಂದು ಕಡೆ ಬರೆದ. ಆಕಾಶದ ಮೀನ ಮೇಷ ನೋಡಲು ಹೊರಟವನು ಭೂಮಿಯ ಮೇಲೆಯೇ ಮೀನಮೇಷ ಎಣಿಸುತ್ತ ಕೂತ.

ಟೈಲರಮ್ಮ ಒಳಗೊಳಗೇ ಖುಷಿಪಟ್ಟಳು. ಗಂಡ ಊಟಕ್ಕೆ ಕೂತಾಗ "ಆ ಮೂರನೇದು ಏನಾಯ್ತು ರೀ? ಅವಸರ ಮಾಡ್ಬೇಡಿ, ನಿಧಾನಕ್ಕೆ ನೋಡಿ," ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳುತ್ತಿದ್ದಳು. ಅವನು ಮೆಟ್ಟಿಲಿಳಿದು ಕೆಲಸಕ್ಕೆ ಹೋದ ಕೂಡಲೇ ಟೇಪು ಹಿಡಿದು ಮಹಡಿ ಹತ್ತಿ ಕೋಣೆಯ ಅಳತೆ ತೆಗೆಯುತ್ತಿದ್ದಳು.

ಗಡುವಿಗೆ ಮೂರು ವಾರ ಇದ್ದಾಗ ಒಂದು ಸಂಜೆ, ಗಿರಾಕಿಯ ಕೋಟಿಗೆ ಹೊಂದುವ ಗುಂಡಿ ಬೇಕಾಗಿ ಅವಳು ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಗುಂಡಿಗಳ ಜೊತೆ ಒಂದು ಕನ್ನಡಕ ಉರುಳಿ ಬಿತ್ತು. ಮೇಸ್ತ್ರಿಯ ಹಳೇ ಕೆಲಸದ ಕನ್ನಡಕ. ಅದರ ಕಡ್ಡಿ ಮುರಿದಾಗ, ದಾರ ಸುತ್ತಿ ಗಟ್ಟಿ ಮಾಡಿಕೊಡೆಂದು ಕೊಟ್ಟಿದ್ದ. ಅವಳು ಮರೆತಿದ್ದಳು, ಅವನು ಹೊಸದು ಕೊಂಡಿದ್ದ. ಸುಮ್ಮನೆ ತಮಾಷೆಗೆಂದು ಅದನ್ನು ಮೂಗಿಗೇರಿಸಿ, ಅತ್ತೆಯತ್ತ ತಿರುಗಿ ಹುಬ್ಬು ಕುಣಿಸಿದಳು. ಆಮೇಲೆ ಕಿಟಕಿಯಾಚೆ ನೋಡಿದಳು.

ಬೀದಿದೀಪದ ಹಳದಿ ಮಂಕಾಗಿತ್ತು. ಕಂಬ ಇತ್ತು, ದೀಪ ಇತ್ತು, ಕಣ್ಣಿಗೆ ರಾಚುತ್ತಿದ್ದ ಬಣ್ಣ ಮಾತ್ರ ಬಹಳಷ್ಟು ಇಳಿದುಹೋಗಿತ್ತು. ಕನ್ನಡಕ ತೆಗೆದಳು, ರಾಚಿತು. ಹಾಕಿದಳು, ಇಳಿಯಿತು.

ಅವಳಿಗೆ ತಟ್ಟನೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಅವನು ಅವಳನ್ನು ಕಾರ್ಖಾನೆಗೆ ಕರೆದೊಯ್ದು ಇದನ್ನೇ ತೋರಿಸಿದ್ದ. ಬೆಂಕಿಗೆ ಹಿಡಿದ ಗಾಜು ಉರಿಹಳದಿಯಾಗಿ ಕಣ್ಣು ಕುಕ್ಕುತ್ತಿತ್ತು. ಈ ಗುಲಾಬಿ ಛಾಯೆಯ ಕನ್ನಡಕ ಹಾಕಿದ್ದೇ ತಡ ಆ ಹಳದಿ ಮಾಯ, ಒಳಗೆ ಕರಗುವ ಗಾಜು ಸ್ಪಷ್ಟ. "ಹಳದೀನ ಇದು ನುಂಗಿಬಿಡತ್ತೆ ಕಣೇ," ಎಂದಿದ್ದ. ಅದೇ ಮಹಾನುಭಾವ ಈಗ ಹಳದಿ ನುಂಗುವ ಗಾಜಿಗಾಗಿ ನಾಲ್ಕು ತಿಂಗಳಿಂದ ಊರೆಲ್ಲ ವಿಚಾರಿಸುತ್ತಿದ್ದ, ಅದೂ ದಿನವಿಡೀ ಅದನ್ನೇ ಮೂಗಿನ ಮೇಲೆ ಹೊತ್ತುಕೊಂಡು.

ಅವಳು ನಕ್ಕುಬಿಟ್ಟಳು. ನಗು ಅರ್ಧಕ್ಕೇ ನಿಂತಿತು. ಹೇಳಿದರೆ ಕೋಣೆ ಹೋಯಿತು.

"ಏನಮ್ಮಾ, ಏನು ಕಾಣಿಸ್ತು?" ಎಂದರು ಅತ್ತೆ.

"ಗುಂಡಿ ಸಿಕ್ತು ಅತ್ತೆ," ಎಂದು ಅವಳು ಕನ್ನಡಕವನ್ನು ಡಬ್ಬಿಯ ತಳಕ್ಕೆ ತಳ್ಳಿ ಮುಚ್ಚಳ ಒತ್ತಿದಳು. ಅತ್ತೆ ಡಬ್ಬಿಯನ್ನು ನೋಡಿದರು, ಕಿಟಕಿಯನ್ನೂ ನೋಡಿದರು.

ಮೂರು ವಾರ ಟೈಲರಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನನ್ನನ್ನು ಯಾರು ಕೇಳಿದ್ದಾರೆ? ಕೇಳಿದ್ದರೆ ಹೇಳುತ್ತಿದ್ದೆ. ಅವನು ಒಂದು ದಿನವೂ ಕೇಳಲಿಲ್ಲ ಎಂಬುದು ನಿಜ. ಅವನು ಎಲ್ಲಿ ಕೇಳಿಬಿಡುತ್ತಾನೋ ಎಂದು ಅವಳು ಊಟ ಬಡಿಸಿ ಓಡುತ್ತಿದ್ದಳು ಎಂಬುದೂ ನಿಜ.

ಕೊನೆಯ ವಾರದ ಸೋಮವಾರ ಮೇಸ್ತ್ರಿ ಅಂತೂ ಇಂತೂ ಎದೆ ಗಟ್ಟಿ ಮಾಡಿ ಒಂದು ಫಿಲ್ಟರ್ ತರಿಸಿದ. ಗುರುವಾರ ಪೊಟ್ಟಣ ಬಂತು. ಬಿಚ್ಚಿ ಲೆನ್ಸಿಗೆ ತಿರುಗಿಸಲು ಹೋದರೆ ಅದು ಲೆನ್ಸಿನ ಬಾಯೊಳಗೆ ಬಿದ್ದು ಗಲಗಲ ಎಂದಿತು. ಪುಸ್ತಕದಲ್ಲಿ ಗುಣದೋಷಗಳನ್ನೆಲ್ಲ ಬರೆದವನು ಅಳತೆಯನ್ನೇ ಬರೆದಿರಲಿಲ್ಲ. ಬದಲಿಸಿ ತರಿಸಲು ಸಮಯವಿರಲಿಲ್ಲ.

ಅವನು ಗೊಣಗುತ್ತಾನೆ, ಗಡುವು ಮುಂದೂಡು ಎಂದು ಜಗಳಕ್ಕೆ ಬರುತ್ತಾನೆ ಎಂದು ಅವಳು ಕಾದಳು. ಉತ್ತರಗಳನ್ನೂ ಸಿದ್ಧ ಮಾಡಿಟ್ಟುಕೊಂಡಳು. ಶುಕ್ರವಾರ ಕೆಲಸದಿಂದ ಬಂದವನು ಚಹಾ ಕುಡಿದು, ಅವಳ ಹೊಲಿಗೆ ಯಂತ್ರವನ್ನು ಅಪ್ಪಿ ಹಿಡಿದು ಮಹಡಿಗೆ ಹೊತ್ತುಕೊಂಡು ಹೋದ. ಅವಳು ಹಿಂದೆಯೇ ಹತ್ತಿದಳು. ಸ್ಟ್ಯಾಂಡು ಮಡಚಿ ಮೂಲೆ ಸೇರಿತ್ತು. ಗೋಡೆಯ ಮೇಲೆ ಅವನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ.

"ಇಲ್ಲಿ ನಿನ್ನ ಕತ್ತರಿಸೋ ಮೇಜು. ಕಿಟಕಿ ಎಡಕ್ಕೆ ಬರತ್ತೆ, ಬಲಗೈ ನೆರಳು ಬಟ್ಟೆ ಮೇಲೆ ಬೀಳಲ್ಲ. ಆರು ಜನ ಆರಾಮಾಗಿ ಕೂರಬಹುದು, ನಾನು ಅಳೆದೆ."

"ಆರು ಜನ ಅಂತ ನಿಮಗೆ ಹೇಗೆ ಗೊತ್ತು?"

"ಅವತ್ತು ಅವರು ಹೋದ್ಮೇಲೆ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ಯಲ್ಲ, ನಾನು ಬಾಗಿಲ ಹೊರಗೇ ಇದ್ದೆ," ಎಂದ ಅವನು, ಗೋಡೆಯಿಂದ ಕಣ್ಣು ತೆಗೆಯದೆ.

ಟೈಲರಮ್ಮನಿಗೆ ತನ್ನ ಮೇಲೇ ನಾಚಿಕೆಯಾಯಿತು. ಅದರ ಹಿಂದೆಯೇ ಗಂಡನ ಮೇಲೆ ಸಿಟ್ಟೂ ಬಂತು. ಹೀಗೆ ಸೋತರೆ ಗೆದ್ದವರ ಗತಿಯೇನು?

ಅವಳು ಕೆಳಗಿಳಿದು ಡಬ್ಬಿ ಸುರಿದಳು. ಕನ್ನಡಕದ ಒಂದು ಗಾಜನ್ನು ಬಿಡಿಸಿ, ಕಪ್ಪು ಮಂದ ಬಟ್ಟೆಯ ಎರಡು ಉಂಗುರಗಳ ನಡುವೆ ಇಟ್ಟು ಹೊಲಿದಳು. ಅಂಚಿಗೆ ಲೆನ್ಸಿನ ಸುತ್ತಳತೆಗೆ ತಕ್ಕಂತೆ ಎಲಾಸ್ಟಿಕ್ ಕೊಟ್ಟಳು. ಮಗುವಿನ ಟೊಪ್ಪಿಯ ಹಾಗಿತ್ತು. ಯಂತ್ರ ಮಹಡಿಯಲ್ಲಿದ್ದುದರಿಂದ ಎಲ್ಲವೂ ಕೈಹೊಲಿಗೆ. ಶನಿವಾರ ಕತ್ತಲಾಗುವಾಗ ಅದನ್ನು ಗಂಡನ ಕೈಗಿಟ್ಟಳು.

ಮೇಸ್ತ್ರಿ ಅದನ್ನು ಬೀದಿದೀಪಕ್ಕೆ ಹಿಡಿದು ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಮಹಡಿಯ ನೆಲದ ಮೇಲೆ ಹಾಗೇ ಕೂತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಆಮೇಲೆ ಅಳಿ. ಬೇಟೆಗಾರ ಟ್ಯಾಂಕಿನ ಹತ್ರ ಬಂದ," ಎಂದಳು ಅವಳು.

ಒಂದು ಗಂಟೆಯಲ್ಲಿ ಇನ್ನೂರು ಫೋಟೋ ತೆಗೆದ. ಅವನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡಿದಾಗ, ಸಣ್ಣ ಗಾಜಿನಿಂದಾಗಿ ನಾಲ್ಕೂ ಮೂಲೆ ಕಪ್ಪಾಗಿತ್ತು. ನಡುವೆ ಮಾತ್ರ ರೆಕ್ಕೆ ಬಿಚ್ಚಿದ ಗುಲಾಬಿ ಮೋಡ. ಮುದ್ರಿಸಿ, ಗೋಡೆಗೆ ಅಂಟಿಸಿ, ಅತ್ತೆಯನ್ನು ಮಹಡಿಗೆ ಕರೆತಂದರು. ಅವರು ಬಹಳ ಹೊತ್ತು ನೋಡಿದರು.

"ಇದು ಚಹಾ ಅಲ್ಲ," ಎಂದು ಒಪ್ಪಿಕೊಂಡರು.

"ಹಾಗಾದ್ರೆ ಕೋಣೆ ಅವರದು ಅತ್ತೆ," ಎಂದಳು ಟೈಲರಮ್ಮ. ಹೇಳುವಾಗ ಕಣ್ಣು ಗೋಡೆಯ ಪೆನ್ಸಿಲ್ ಗುರುತಿನ ಮೇಲೇ ಇತ್ತು.

"ಪುಸ್ತಕ ತೆಗಿಯೋ. ಏನು ಬರೆದಿದ್ದೆ, ಓದು."

ಮೇಸ್ತ್ರಿ ಓದಿದ. "ನಾನೇ ಫಿಲ್ಟರ್ ಆರಿಸಿ..."

"ನಿಲ್ಲಿಸು. ಫಿಲ್ಟರ್ ಆರಿಸಿದ್ದು ಯಾರು? ಕೋಣೆ ಅವಳದು," ಎಂದರು ಅತ್ತೆ. ಮೆಟ್ಟಿಲಿಗೆ ಕಾಲಿಟ್ಟು, ತಿರುಗದೆಯೇ ಸೇರಿಸಿದರು, "ಮೂರು ವಾರದ ಹಿಂದೆಯೇ ಆರಿಸಿದ್ಲು ಪಾಪ. ಡಬ್ಬಿ ಮುಚ್ಚಳ ಬಿಗಿಯಾಗಿತ್ತು ಅಂತ ಕಾಣತ್ತೆ."

ಟೈಲರಮ್ಮನ ಮುಖ ಕೆಂಪೇರಿತು. "ಹೌದು ರೀ, ನಂಗೆ ಮೂರು ವಾರದಿಂದ ಗೊತ್ತಿತ್ತು. ಬೇಕೂಂತಲೇ ಹೇಳ್ಲಿಲ್ಲ."

ಮೇಸ್ತ್ರಿ ಜೇಬಿನಿಂದ ತನ್ನ ಹೊಸ ಕನ್ನಡಕ ತೆಗೆದು ಅಂಗೈಯಲ್ಲಿ ತಿರುಗಿಸಿ ನೋಡಿದ.

"ಮೂರೇ ವಾರ ತಾನೆ? ನಾನು ಇಂಥದ್ದೇ ಗಾಜನ್ನ ಇಪ್ಪತ್ತು ವರ್ಷದಿಂದ ಹಾಕ್ಕೊಂಡಿದ್ದೀನಿ ಕಣೇ," ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ, "ಸೋಮವಾರದಿಂದ ಏಳನೇ ಸ್ಟೂಲು ಹಾಕ್ತೀಯಾ? ನಾನೂ ಅಳತೆ ತೆಗೆಯೋದು ಕಲೀಬೇಕು."