ಬೇಲಿಯಾಚೆಯ ಸಾಲು

"ಸಾಕು ತಾತ, ದಮ್ಮಯ್ಯ, ಇನ್ನು ಆಚೆ ಬನ್ನಿ," ಎಂದು ಶುವಾಯಿ ಮತ್ತೆ ಕೈತಟ್ಟಿದಳು. ಸೊಪ್ಪಿನ ಮಡಿಯ ಹಸಿ ಮಣ್ಣಿನಲ್ಲಿ ಮಂಡಿಯೂರಿ, ಅಂಗೈಗಳನ್ನು ಬೊಗಸೆ ಮಾಡಿ, ಹಿರಿಯರೆದುರು ಸೊಸೆಯಾದವಳು ಹೇಗೆ ತಟ್ಟಬೇಕೋ ಹಾಗೆ, ಮೆಲ್ಲಗೆ. ತಾತ ತಲೆಯೆತ್ತಿ ಅವಳನ್ನೊಮ್ಮೆ ನೋಡಿದರು. ಬಾಯಿಯ ಎರಡೂ ಪಕ್ಕದಲ್ಲಿ ಕೋವೊ ಸೊಪ್ಪಿನ ಅಗಲವಾದ ಎಲೆಗಳು ಜೋತಾಡುತ್ತಿದ್ದವು. ನೋಡಿದ್ದು ಸಾಕೆನಿಸಿತೋ ಏನೋ, ತಲೆ ತಗ್ಗಿಸಿ ಮುಂದಿನ ಗಿಡಕ್ಕೆ ಬಾಯಿ ಹಾಕಿದರು.

ತಾತ ಎಂದರೆ ಕಪ್ಪು ಹೋರಿ. ಶುವಾಯಿಯ ಗಂಡ ಫರಾಯಿಯ ಅಜ್ಜ ಮುಸೆಕಿವಾ ತೀರಿಕೊಂಡು ವರ್ಷ ತುಂಬಿದಾಗ ಮನೆಯವರು ರಾಗಿ ಹೆಂಡ ಕಾಸಿ, ಅವರ ಆತ್ಮವನ್ನು ಮನೆಗೆ ಕರೆತಂದು, ಅವರ ಹೆಸರನ್ನು ಒಂದು ಹೋರಿಗರುವಿಗೆ ಇಟ್ಟಿದ್ದರು. ಒಂದು ಹೋರಿ ಮುದಿಯಾದರೆ ಹೆಸರು ಇನ್ನೊಂದಕ್ಕೆ ಹೋಗುತ್ತದೆ. ಇದು ಆ ಹೆಸರು ಹೊತ್ತ ಮೂರನೆಯದು. ಅದನ್ನು ನೊಗಕ್ಕೆ ಕಟ್ಟುವಂತಿಲ್ಲ, ಮಾರುವಂತಿಲ್ಲ, ಹೊಡೆಯುವುದಂತೂ ಕನಸಿನಲ್ಲೂ ಇಲ್ಲ. ಗಂಡಸರು ಅದರ ದೊಡ್ಡಿಯ ಮುಂದೆ ಟೋಪಿ ತೆಗೆಯುತ್ತಾರೆ, ಸೊಸೆಯಂದಿರು ಮಂಡಿಯೂರುತ್ತಾರೆ. ಗಣಿ ಕೂಲಿಗಳ ಸಾಲುಮನೆಯಲ್ಲಿ ಹುಟ್ಟಿ ಬೆಳೆದ ಶುವಾಯಿಗೆ ಮದುವೆಯಾಗಿ ಇಲ್ಲಿಗೆ ಬರುವ ತನಕ ಹೋರಿಯ ಪರಿಚಯ ಇದ್ದದ್ದು ಕಸಾಯಿ ಅಂಗಡಿಯ ಕೊಕ್ಕೆಯಲ್ಲಿ ಮಾತ್ರ.

ಈ ಮನೆಯಲ್ಲಿ ಜೋಳದ ಹೊಲ ಗಂಡನದು, ಮಡಕೆಕುಡಿಕೆಗಳು ಸತ್ತ ಅತ್ತೆಯವು, ದನಗಳು ಹಿರಿಯರವು. ಸೊಪ್ಪಿನ ತೋಟವೊಂದೇ ಅವಳದು. ಹೊಳೆಯಿಂದ ತಲೆಯ ಮೇಲೆ ನೀರು ಹೊತ್ತು ತಂದು, ಒಂದೊಂದು ಸಸಿಯನ್ನೂ ಮಗುವಿನಂತೆ ಎಬ್ಬಿಸಿ ನಿಲ್ಲಿಸಿದ್ದಳು. ಮುರಿದ ಬೇಲಿಯಿಂದ ತಾತ ನಿಂತ ಜಾಗದವರೆಗೆ ಈಗ ಬರೀ ದಂಟುಗಳು. ಅವಳು ಕೈಗೆ ಸಿಕ್ಕ ಹೆಂಟೆಯನ್ನು ಎತ್ತಿ ಬೀಸಿಯೇಬಿಟ್ಟಳು. ಅದು ನೇರ ತಾತನ ಮೂಗಿಗೆ ಬಡಿದು ಪುಡಿಯಾಯಿತು. ತಾತ ಒಮ್ಮೆ ಸೀನಿ, ಬಂದ ದಾರಿಯಲ್ಲೇ ನಿಧಾನವಾಗಿ ಹೊರಟುಹೋದರು. ಶುವಾಯಿ ಮಣ್ಣು ಮೆತ್ತಿದ ತನ್ನ ಕೈಯನ್ನೇ ನೋಡುತ್ತಾ ಕುಳಿತಳು.

"ಶಹಬ್ಬಾಸ್ ಅತ್ತಿಗೆ!" ಬೇಲಿಯಾಚೆ ಮೈದುನ ಈನಾಕ್ ನಿಂತಿದ್ದ. ಹೆಂಡವನ್ನೂ ಹಿರಿಯರ ಪೂಜೆಯನ್ನೂ ಒಲ್ಲದ ಬಿಳಿ ನಿಲುವಂಗಿಯ ಕ್ರೈಸ್ತರ ಸಭೆಗೆ ಸೇರಿದಾಗಿನಿಂದ ಅವನು ತಲೆ ಬೋಳಿಸಿ, ಕೋಲು ಹಿಡಿದು, ಊರೂರು ನಡೆದು ಪ್ರಾರ್ಥನೆ ಮಾಡುತ್ತಿದ್ದ. "ಇಷ್ಟು ಹೊತ್ತು ಕೋಣನ ಮುಂದೆ ಕಿನ್ನರಿ ಬಾರಿಸ್ತಾ ಕೂತಿದ್ರಿ. ಒಂದು ಹೆಂಟೆಗೆ ಹೋಯ್ತು ನೋಡಿ. ಆಕಾಶ ಕಳಚಿ ಬಿತ್ತಾ?"

"ಸುಮ್ನಿರು ಮಾರಾಯ. ಯಾರಾದ್ರೂ ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಳಲಿ! ಭಾನುವಾರ ಅಣ್ಣ ಬರ್ತಾನೆ. ನನ್ನ ಕೈಲಿ ಸಾಕೋಕಾಗಲ್ಲ ಅಂತ ನೀವೊಂದು ಮಾತು ಹೇಳಿ, ಸಾಕು. ಕಸಾಯಿಯವನ ಹತ್ರ ನಾನೇ ಹೊಡ್ಕೊಂಡು ಹೋಗ್ತೀನಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನೀರು ಕುಡಿಸಿ ದೊಡ್ಡಿ ಬಳಿಯುವವಳು ಅವಳು. ಮಾರಬಾರದೆಂಬ ಕಟ್ಟಳೆ ಇದ್ದರೂ ಅವಳೇ ಒಲ್ಲೆ ಎಂದರೆ ಹೋರಿಯನ್ನು ಇಟ್ಟುಕೊಳ್ಳಿ ಎಂದು ಯಾರೂ ಒತ್ತಾಯ ಮಾಡುವಂತಿರಲಿಲ್ಲ. ಆಸೆಯೂ ಆಯಿತು. ಒಂದು ಮಾತಿಗೆ ತೋಟ ಉಳಿಯುತ್ತದೆ. ಆದರೆ ದಂಟುಗಳನ್ನು ಕೀಳುತ್ತಾ ಕುಳಿತವಳಿಗೆ ಬೇರೆಯದೇ ಒಂದು ಹುಳ ತಲೆ ಹೊಕ್ಕಿತು: ತಾನು ಹೊಡೆದದ್ದು ಯಾರಿಗೆ? ಇಷ್ಟು ದಿನ ಮಂಡಿಯೂರಿದ್ದು ಯಾರ ಮುಂದೆ?

ಸುದ್ದಿ ಆಗಲೇ ಹೊಳೆ ದಾಟಿತ್ತು. ಸಂಜೆಗೆ ಆಚೆ ದಡದ ರೊಝಿನಾ ಅತ್ತೆ ಕೋಲೂರಿಕೊಂಡು ಬಂದಳು. ಫರಾಯಿಯ ಸೋದರತ್ತೆ, ಮುಸೆಕಿವಾನ ಸ್ವಂತ ಮಗಳು. ಅವಳ ಮಾತು ಮೀರಿ ಆ ಮನೆಯಲ್ಲಿ ಕೋಳಿಯೂ ಕೂಗುತ್ತಿರಲಿಲ್ಲ.

"ತಾತನ ಮೂಗಿಗೆ ಹೊಡೆದ ಸೊಸೇನ ಈ ಜನ್ಮದಲ್ಲಿ ನೋಡಿರ್ಲಿಲ್ಲ ಕಣೇ," ಎನ್ನುತ್ತಾ ಚಾಪೆಯ ಮೇಲೆ ಕುಳಿತಳು. "ಹೆಂಡ ಕಾಸ್ಬೇಕು. ಎಲ್ಲರ ಮುಂದೆ ಅಪ್ಪನ ಬೆನ್ನಿಗೆ ಹುಯ್ದು ತಪ್ಪಾಯ್ತು ಅನ್ಬೇಕು."

ಶುವಾಯಿ ಮಂಡಿಯೂರಿ ಕೈತಟ್ಟಿದಳು. "ತಪ್ಪಾಯ್ತು ಅತ್ತೆಮ್ಮ. ಹೆಂಡಾನೂ ಕಾಸ್ತೀನಿ. ಆದ್ರೆ ಯಾರಿಗೆ ಹೊಡೆದೆ ಅಂತ ನಂಗೆ ಗೊತ್ತಾಗ್ಬೇಕು. ಎಂಥ ಮನುಷ್ಯ ಅವರು?"

"ಎಂಥ ಮನುಷ್ಯ ಅಂದ್ರೆ? ಸಿಂಹ ಇದ್ದಂಗಿದ್ದ!"

"ಅದನ್ನ ಎಲ್ಲರ ತಾತನಿಗೂ ಹೇಳ್ತಾರೆ. ನಮ್ಮ ತವರಿನ ತಾತನೂ ಸಿಂಹಾನೇ ಅಂತೆ. ಕಂಠಮಟ್ಟ ಕುಡ್ದು ಬಾವಿಗೆ ಬಿದ್ದು ಸತ್ರು."

ಮುದುಕಿ ಗದರಿಸಲು ಬಾಯಿ ತೆರೆದಳು, ಬಂದದ್ದು ನಗು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ನಸ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದಳು.

"ಸಿಂಹ ಅಲ್ಲ ಬಿಡು," ಎಂದಳು. "ನಮ್ಮಪ್ಪ ಕೋಳಿ ಕುಯ್ಯೋಕೂ ಹೆದರ್ತಿದ್ದ. ಬಲಗೈನ ಎರಡು ಬೆರಳು ಹಿಂಗೆ ಸೊಟ್ಟ. ಹುಡುಗಾಗಿದ್ದಾಗ ಕೆಲಸ ಹುಡುಕ್ಕೊಂಡು ಚಿನ್ನದ ಗಣಿಗೆ ನಡ್ಕೊಂಡು ಹೋದನಂತೆ. ದಾರೀಲಿ ಹಸಿವು ತಡೀಲಾರದೆ ಯಾರದೋ ಹೊಲದಲ್ಲಿ ತೆನೆ ಮುರ್ಕೊಂಡ. ಸಿಕ್ಕಿಬಿದ್ದ. ಮರಕ್ಕೆ ಕಟ್ಟಿ ಹೊಡೆದ್ರು. ಬೆರಳು ಆಮೇಲೆ ನೆಟ್ಟಗಾಗ್ಲೇ ಇಲ್ಲ."

"ಆಮೇಲೆ?"

"ಆಮೇಲೇನು, ಮದುವೆ ಆಯ್ತು, ಈ ಮನೆ ಕಟ್ಟಿದ. ಬೇಲಿ ಹಾಕುವಾಗ ಒಂದು ಸಾಲು ಹೊರಗೆ ಬಿಟ್ಟ, ದಾರಿ ಪಕ್ಕದಲ್ಲಿ. ಅಲ್ಲೂ ಬಿತ್ತಿದ, ಅಲ್ಲಿಗೂ ನೀರು ಹಾಕ್ದ. ನಮ್ಮವ್ವ ಬಾಯಿ ಬಡ್ಕೊಂಡ್ಳು, ತಲೆ ಕೆಟ್ಟಿದೆಯಾ ಅಂತ. ಒಳಗಿರೋದು ನಮ್ದು, ಹೊರಗಿರೋದು ದಾರೀಲಿ ಹೋಗೋರದ್ದು ಅಂದ. ಹಸಿದೋನನ್ನ ಕಳ್ಳನ್ನಾಗಿ ಮಾಡ್ಬಾರ್ದು ಅಂದ. ಊರೆಲ್ಲ ನಕ್ತು. ಅವನೂ ಅವರ ಜೊತೆ ನಗೋನು."

ಶುವಾಯಿಯ ಅಪ್ಪನೂ ಗಣಿಗೆ ನಡೆದೇ ಹೋದವನು. ಅವನು ದಾರಿಯಲ್ಲಿ ಏನು ತಿಂದಿದ್ದನೋ, ಅವಳು ಎಂದೂ ಕೇಳಿರಲಿಲ್ಲ.

"ಆ ಸಾಲು ಎಲ್ಲಿತ್ತು ಅತ್ತೆಮ್ಮ?"

"ಅಪ್ಪ ಹೋದ ಮೇಲೆ ಹುಡುಗ್ರು ಬೇಲೀನ ದಾರಿವರೆಗೂ ತಳ್ಳಿದ್ರು. ಸುಮ್ಸುಮ್ನೆ ಜಾಗ ಯಾರು ಬಿಡ್ತಾರೆ?" ಮುದುಕಿ ಕೋಲೆತ್ತಿ ತೋರಿಸಿದಳು. ಕೋಲಿನ ತುದಿ ನಿಂತದ್ದು ಬೇಲಿ ಮುರಿದಿದ್ದ ಕಡೆ, ದಂಟುಗಳಷ್ಟೇ ಉಳಿದಿದ್ದ ಮಡಿಯ ಕಡೆ. ತಾತ ಮೇಯ್ದದ್ದೂ ಅದೇ ಸಾಲನ್ನು. ಆದರೆ ಅಲ್ಲಿನ ಗೂಟಗಳು ಲಡ್ಡು ಹಿಡಿದು ಸಡಿಲವಾಗಿದ್ದವು ಎಂಬುದೂ ಶುವಾಯಿಗೆ ಗೊತ್ತಿತ್ತು.

"ಇಷ್ಟು ದಿನ ಯಾಕೆ ಇದನ್ನ ಹೇಳ್ಲಿಲ್ಲ?"

"ಕೇಳಿದೋರು ಯಾರು? ಎಲ್ರೂ ಸಿಂಹಾನೇ ಕೇಳಿದ್ರು."

ಭಾನುವಾರ ಅಂಗಳದ ಮುಹಾಚಾ ಮರದ ನೆರಳಿನಲ್ಲಿ ಎಲ್ಲರೂ ಸೇರಿದರು. ಕೆಲಸಕ್ಕಿದ್ದ ಮುತಾರೆ ಪಟ್ಟಣದಿಂದ ಫರಾಯಿ ಬಂದಿದ್ದ. ಹೆಂಡದ ವಾಸನೆ ತಾಗದಷ್ಟು ದೂರದಲ್ಲಿ, ಆದರೆ ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಈನಾಕ್ ನಿಂತಿದ್ದ.

"ನೋಡು, ನೀನೇ ಹೇಳ್ಬೇಕು," ಎಂದ ಫರಾಯಿ ಹೆಂಡತಿಗೆ. "ಸಾಕ್ತೀಯೋ, ಇಲ್ವೋ?"

"ಸಾಕ್ತೀನಿ. ಆದ್ರೆ ತೋಟದ ಬೇಲಿ ಒಂದು ಸಾಲು ಒಳಕ್ಕೆ ಬರ್ಬೇಕು."

"ಅಂದ್ರೆ? ನಿನ್ನ ತೋಟಾನ ನೀನೇ ಚಿಕ್ಕದು ಮಾಡ್ಕೋತೀಯಾ?"

"ನನ್ದೇ ತಾನೆ? ನನ್ನಿಷ್ಟ."

ಈನಾಕ್‌ಗೆ ತಡೆಯಲಾಗಲಿಲ್ಲ. "ಹೋರಿ ಹೆಸರಿಗೆ ತೋಟ ಬರ್ಕೊಡ್ತಿದ್ದೀರಾ ಅತ್ತಿಗೆ?"

"ಹೋರಿಗಲ್ಲ ಕಣಪ್ಪ, ದಾರೀಲಿ ಹೋಗೋರಿಗೆ," ಎಂದು ಅವಳು ಮುದುಕಿಯಿಂದ ಕೇಳಿದ್ದನ್ನೆಲ್ಲ ಹೇಳಿದಳು. ಸೊಟ್ಟ ಬೆರಳಿನ ಮಾತು ಬಂದಾಗ ಫರಾಯಿ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಈನಾಕ್ ತನ್ನ ಕೋಲಿನ ತುದಿಯನ್ನೇ ನೋಡುತ್ತಿದ್ದ. ಬರಿಹೊಟ್ಟೆಯಲ್ಲಿ ಎಷ್ಟೋ ಊರುಗಳನ್ನು ಅವನೂ ನಡೆದು ದಾಟಿದ್ದ.

ಶುವಾಯಿ ಹೆಂಡದ ಸೋರೆಬುರುಡೆ ಎತ್ತಿ ತಾತನ ಬೆನ್ನ ಮೇಲೆ ಹುಯ್ದಳು. ಹೋರಿ ಮೈ ಕೊಡವಿದರೆ ಹಿರಿಯರು ಒಪ್ಪಿದಂತೆ. ತಾತ ಕಲ್ಲಿನ ಹಾಗೆ ನಿಂತರು. ಹೆಂಡ ಪಕ್ಕೆಯ ಮೇಲೆ ಇಳಿದು ಹೊಟ್ಟೆಯಿಂದ ತೊಟ್ಟಿಕ್ಕತೊಡಗಿತು. ಇದನ್ನೆಲ್ಲ ನಂಬುತ್ತೇನೋ ಇಲ್ಲವೋ ಎಂದು ಶುವಾಯಿಗೆ ಆವರೆಗೆ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ಮಾತ್ರ ಅವರು ಒಪ್ಪಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ನೊಣ ಕೂತಿತೋ, ತಾತನೇ ಮನಸ್ಸು ಮಾಡಿದರೋ, ಕೊನೆಗೆ ಕಿವಿಯಿಂದ ಬಾಲದವರೆಗೆ ಒಮ್ಮೆ ಜೋರಾಗಿ ಕೊಡವಿದರು. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಹರ್ಷದಿಂದ ಕೂಗಿದರು. ದೂರ ನಿಂತಿದ್ದ ಈನಾಕ್‌ನ ನಿಲುವಂಗಿಯ ಮೇಲೂ ನಾಲ್ಕು ಹನಿ ಬಿದ್ದವು.

ಮರುದಿನ ಬೆಳಿಗ್ಗೆ ಅವನು ಆ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಗೂಟ ಕೀಳುತ್ತಿದ್ದ. "ಇದು ಹೋರಿಗೋಸ್ಕರ ಅಲ್ಲ. ಮೊದ್ಲೇ ಹೇಳ್ಬಿಟ್ಟಿದ್ದೀನಿ," ಎಂದ. "ದಾರಿಹೋಕರ ಪಾಲು ಬಿಡಿ ಅಂತ ನಮ್ಮ ಪುಸ್ತಕದಲ್ಲೂ ಇದೆ."

"ಸರಿ ಬಿಡಪ್ಪ," ಎಂದಳು ಶುವಾಯಿ. "ಗೂಟ ಆಳಕ್ಕೆ ಹೊಡಿ. ತಾತ ಪುಸ್ತಕ ಓದಿಲ್ಲ."

ಹೊರಗಿನ ಸಾಲು ಒಳಗಿನದಕ್ಕಿಂತ ಸೊಂಪಾಗಿ ಬಂತು. ಒಂದು ಬೆಳಿಗ್ಗೆ ಬೆನ್ನಿಗೆ ಕೂಸು ಕಟ್ಟಿಕೊಂಡು, ತಲೆಯ ಮೇಲೆ ಗಂಟು ಹೊತ್ತ ಅಪರಿಚಿತ ಹೆಂಗಸೊಬ್ಬಳು ಆ ದಾರಿಯಲ್ಲಿ ಬಂದು, ಸಾಲಿನ ಮುಂದೆ ನಿಂತಳು. ಅತ್ತ ಇತ್ತ ನೋಡಿದಳು. ಬೇಲಿಯೊಳಗೆ ಗುದ್ದಲಿ ಹಿಡಿದಿದ್ದ ಶುವಾಯಿಯನ್ನು ಕಂಡು ನಾಚಿ, "ಯಾರದಮ್ಮ ಇದು?" ಎಂದು ಕೇಳಿದಳು.

ಶುವಾಯಿ ಮರದ ನೆರಳಿನಲ್ಲಿ ಮೆಲುಕು ಹಾಕುತ್ತಿದ್ದ ಕಪ್ಪು ಹೋರಿಯ ಕಡೆ ಕೈ ತೋರಿಸಿದಳು. "ನಮ್ಮ ತಾತಂದು. ನಿಮಗೇ ಅಂತ ಇಟ್ಟಿರೋದು, ಕಿತ್ಕೊಳ್ಳಿ."

ಹೆಂಗಸು ಇಬ್ಬರನ್ನೂ ನೋಡಿದಳು. ಆಮೇಲೆ ಗಂಟು ಇಳಿಸಿ, ದಾರಿಯ ಧೂಳಿನಲ್ಲಿ ಮಂಡಿಯೂರಿ, ಹೋರಿಯ ಕಡೆಗೆ ಮೆಲ್ಲಗೆ ಕೈತಟ್ಟಿದಳು. ಹೋರಿ ತಿರುಗಿ ನೋಡಲಿಲ್ಲ. ಅವಳು ಗಿಡಗಿಡಕ್ಕೂ ಬಾಗಿ ಕೆಳಗಿನ ಎಲೆಗಳನ್ನಷ್ಟೇ ಮುರಿದುಕೊಂಡಳು. ಸುಳಿಯನ್ನು ಮುಟ್ಟಲಿಲ್ಲ.