ಕೇಕ್ ಮೇಜಿನ ಮಾನ

"ಕೆಮ್ಮಿದ್ರಾ?" ಎಂದು ವಕೀಲೆ ಡಿಮಿಟ್ರಾ ಕೇಳಿದಳು.

"ಕೆಮ್ಮಿದೆ," ಎಂದಳು ವರ್ನಾ. "ಧೂಳಿತ್ತು ಕಣ್ರೀ. ಹೊರಗೆ ಕುರಿ ಓಡಿಸ್ತಿದ್ರು."

ಡಿಮಿಟ್ರಾ ಬರೆದುಕೊಂಡಳು.

ವರ್ನಾ ಟಕ್‌ವೆಲ್ ವಿರಾಬಿನ್ ಊರಿನ ಕೃಷಿ ಪ್ರದರ್ಶನದಲ್ಲಿ ಮೂವತ್ತೊಂದು ವರ್ಷದಿಂದ ಹಣ್ಣಿನ ಕೇಕ್ ಮೇಜಿನ ಉಸ್ತುವಾರಿ. ತೀರ್ಪು ಕೊಡುವವರು ಪರವೂರಿನಿಂದ ಬರುತ್ತಾರೆ. ಕೇಕ್ ಕೊಯ್ದು ಅವರ ಮುಂದಿಡುವುದು ವರ್ನಾಳ ಕೆಲಸ. ಪ್ರತಿ ತಟ್ಟೆಗೂ ಒಂದು ಚೀಟಿ, ಮಾಡಿದವರ ಹೆಸರು ಕಾಣದಂತೆ ಮಡಿಸಿದ್ದು. ಆ ಚೀಟಿ ಎತ್ತಿ ನೋಡುವವಳು ಎಂಬ ಹೆಸರಿಗಿಂತ, ಗಂಡನಿಗೆ ವಿಷ ಹಾಕಿದವಳು ಎಂಬ ಹೆಸರೇ ವಿರಾಬಿನ್‌ನಲ್ಲಿ ವಾಸಿ. ವಿಷಕ್ಕಾದರೆ ಏನೋ ಕಾರಣ ಇದ್ದಿರಬಹುದು ಅನ್ನುತ್ತಾರೆ.

ನಾಲ್ಕು ವರ್ಷದಿಂದ ಎರಡನೇ ಬಹುಮಾನವನ್ನೇ ಪಡೆಯುತ್ತಿದ್ದ ಗ್ಲೆನಿಸ್ ಪ್ಯಾಸ್ಕೋ ಊರಿನ ಫೇಸ್‌ಬುಕ್ ಪುಟದಲ್ಲಿ ಬರೆದಿದ್ದಳು: ವರ್ನಾ ಚೀಟಿ ಎತ್ತಿ ನೋಡ್ತಾಳೆ, ತನ್ನ ತಂಗಿ ಕೇಕ್ ಬಂದಾಗ ಕೆಮ್ಮಿ ಸನ್ನೆ ಮಾಡ್ತಾಳೆ. ಎರಡು ಗಂಟೆಯಾದ ಮೇಲೆ ತಾನೇ ಅಳಿಸಿದಳು. ಅಷ್ಟರಲ್ಲಿ ಹನ್ನೊಂದು ಜನ ನೋಡಿದ್ದರು. ಅದರಲ್ಲಿ ಇಬ್ಬರು ಊರು ಬಿಟ್ಟು ಹತ್ತು ವರ್ಷವಾಗಿತ್ತು. ಒಬ್ಬರು ಸತ್ತಿದ್ದರು; ಅವರ ಫೋನು ಮಗಳ ಕೈಲಿತ್ತು.

"ಚೀಟಿ ಎತ್ತಿದ್ರಾ? ನಿಜ ಹೇಳಿ. ಅವರು ಬರೆದಿದ್ದು ನಿಜ ಅಂತಾದ್ರೆ ಕೇಸು ನಿಲ್ಲಲ್ಲ."

"ಎತ್ತೋದ್ಯಾಕೆ? ನೋಡಿದ್ರೇ ಗೊತ್ತಾಗುತ್ತೆ ಯಾರ್ದು ಅಂತ. ಗ್ಲೆನಿಸ್‌ದು ನಡುವೆ ಬಿರಿದಿರುತ್ತೆ. ನನ್ನ ತಂಗಿ ಒಣದ್ರಾಕ್ಷಿನ ನಾಲ್ಕು ಚೂರು ಮಾಡ್ತಾಳೆ."

ಡಿಮಿಟ್ರಾ ಪೆನ್ನು ಕೆಳಗಿಟ್ಟಳು. "ಈ ಮಾತು ಇನ್ಯಾರ ಹತ್ರಾನೂ ಆಡ್ಬೇಡಿ."

ಆಮೇಲೆ ಮಾನನಷ್ಟದ ಕಾನೂನು ಬಿಡಿಸಿ ಹೇಳಿದಳು. "ಮುಜುಗರ ಆಯ್ತು ಅಂದ್ರೆ ಸಾಲಲ್ಲ. ಹೆಸರಿಗೆ ದೊಡ್ಡ ಪೆಟ್ಟು ಬಿದ್ದಿದೆ ಅಂತ ತೋರಿಸ್ಬೇಕು. ಮೊದ್ಲು ನೋಟಿಸು ಕೊಡೋಣ, ಅವರಿಗೆ ಇಪ್ಪತ್ತೆಂಟು ದಿನ. ಅಷ್ಟರೊಳಗೆ ತಪ್ಪಾಯ್ತು ಅಂದ್ರೆ ಒಪ್ಕೊಂಡು ಸುಮ್ನಾಗಿ."

ಒಂಬತ್ತನೇ ದಿನಕ್ಕೇ ಗ್ಲೆನಿಸ್ ಬಗ್ಗಿದಳು. ಬರೆದ ಪುಟದಲ್ಲೇ ಕ್ಷಮೆ ಕೇಳುತ್ತೇನೆ ಎಂದಳು. ವರ್ನಾ ಒಪ್ಪಲಿಲ್ಲ.

"ಮೈಕಲ್ಲಿ ಹೇಳ್ಬೇಕು. ಮುಂದಿನ ಪ್ರದರ್ಶನದ ದಿನ."

"ಹನ್ನೊಂದು ಜನಕ್ಕೆ ಗೊತ್ತಿರೋದು, ವರ್ನಾ."

"ನಾನು ತಪ್ಪು ಮಾಡಿಲ್ಲ ಅಂತ ಊರಿಗೆಲ್ಲಾ ಗೊತ್ತಾಗ್ಲಿ."

"ಯಾವ ತಪ್ಪು ಅಂತ ಕೇಳ್ತಾರಲ್ಲ?"

ವರ್ನಾ ಕೈಚೀಲದ ಜಿಪ್ಪು ಎಳೆದು ಎದ್ದಳು.

ಪ್ರದರ್ಶನದ ದಿನ ಮರ ಕಡಿಯುವ ಸ್ಪರ್ಧೆ ಮುಗಿದಿತ್ತು, ಕುರಿ ಅಟ್ಟುವ ನಾಯಿಗಳ ಸ್ಪರ್ಧೆ ಇನ್ನೂ ಶುರುವಾಗಿರಲಿಲ್ಲ. ಗ್ಲೆನಿಸ್ ಮೈಕು ಹಿಡಿದಳು. ಚರ್ಚಿನಲ್ಲಿ ಓದಿ ಪಳಗಿದ ಗಂಟಲು; ಚೀಟಿ, ತಂಗಿ, ಕೆಮ್ಮು ಒಂದೊಂದೂ ದನದ ಕೊಟ್ಟಿಗೆಯ ಆಚೆಗೂ ಕೇಳಿಸಿತು. ಕೊನೆಯಲ್ಲಿ ಬಂದ 'ಇದು ಸುಳ್ಳು' ಎಂಬುದರ ಹೊತ್ತಿಗೆ ನಾಯಿಗಳು ಬೊಗಳಲು ಶುರುಮಾಡಿದ್ದವು. ಮಾಂಸದ ಪೈ ತಿನ್ನುತ್ತಿದ್ದ ಎರಡು ಸಾವಿರ ಜನ ಬಾಯಾಡಿಸುವುದನ್ನು ನಿಲ್ಲಿಸಿದ್ದರು.

"ಕೆಮ್ತಿದ್ಲಂತಾ?" ಎಂದರು ಹಿಂದೆ ಯಾರೋ.

"ಇಲ್ವಂತೆ."

"ಮತ್ತೆ ವಕೀಲ್ರು ಯಾಕೆ?"

"ಸದ್ಯ, ಮುಗೀತು ಬಿಡು," ಎಂದ ವರ್ನಾಳ ಗಂಡ ಕ್ಲೈವ್. ವರ್ನಾಗೆ ಖುಷಿಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿತ್ತು. ಏಪ್ರನ್ ಕಟ್ಟಿಕೊಂಡು ಕೇಕ್ ಶೆಡ್ಡಿಗೆ ಹೋದಳು.

ಪ್ರದರ್ಶನದ ಅಧ್ಯಕ್ಷೆ ನೊರೀನ್ ಬಾಗಿಲಲ್ಲೇ ಕಾಯುತ್ತಿದ್ದಳು. ಚಾಕು ಆಗಲೇ ಅವಳ ಕೈಲಿತ್ತು.

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಕಣೇ. ನಾಳೆ ಯಾರೂ ಒಂದು ಮಾತು ಆಡಬಾರ್ದು ನೋಡು. ಕೊಯ್ಯೋದು ನಾನು ನೋಡ್ಕೋತೀನಿ. ನೀನು ಸ್ವಲ್ಪ ಆ ಕಡೆ ತಿರುಗಿ ನಿಂತ್ಕೋ. ಉಸ್ತುವಾರಿ ನಿಂದೇ, ಆಯ್ತಾ?"

"ಆಯ್ತು," ಎಂದಳು ವರ್ನಾ.

ತಗಡಿನ ಗೋಡೆಯ ಮೇಲೆ ಕೌದಿಗಳನ್ನು ತೂಗುಹಾಕಿದ್ದರು. ಬೆನ್ನ ಹಿಂದೆ ತಟ್ಟೆ ಸರಿಯುವ ಸದ್ದು. ಮೂವತ್ತೇಳು ಕೇಕು, ಹೊತ್ತು ಹಿಡಿಯುತ್ತಿತ್ತು. ಪಾಪ ಅಂತ ಯಾರೋ ಒಂದು ಕುರ್ಚಿ ತಂದರು. ಅದನ್ನೂ ಗೋಡೆಗೆ ಮುಖ ಮಾಡಿಯೇ ಇಟ್ಟರು.