ಪುಲ್ಲಾ ಆರಿಸಿಕೊಂಡ ಜಾಗಗಳು

2018ರ ನವೆಂಬರ್ 17, ಶನಿವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಅತ್ತೆ ಲೆಂಪಿ ನಮ್ಮ ಮನೆಯ ಉಗಿಸ್ನಾನದ ಕೋಣೆಯಲ್ಲಿ, ಅಂದರೆ ಸೌನಾದಲ್ಲಿ, ಕಾದ ಕಲ್ಲುಗಳ ಮೇಲೆ ಮೊದಲ ಸೌಟು ನೀರು ಸುರಿದರು.

ಕಲ್ಲುಗಳು ಬುಸ್ಸೆಂದವು. ಉಗಿ ಎದ್ದಿತು. ಉಗಿಯ ಜೊತೆ ಇನ್ನೇನೋ ಎದ್ದು ನೇರವಾಗಿ ನನ್ನ ಮೂಗಿಗೆ ಬಡಿಯಿತು.

ಕುವೋಪಿಯೋ ಊರಿನ ಕುಡಿಯುವ ನೀರನ್ನು ಪರೀಕ್ಷಿಸುವುದು ನನ್ನ ಕೆಲಸ. ಅಮೋನಿಯಾದ ವಾಸನೆಯನ್ನು ನಿದ್ದೆಯಲ್ಲೂ ಗುರುತಿಸಬಲ್ಲೆ. ಆದರೂ ಬಾಯಿ ಬಿಡಲಿಲ್ಲ. ಸೌನಾದಲ್ಲಿ ಕೂರುವ ಮೇಲಿನ ಹಲಗೆಯಿಂದ ಮೊದಲು ಇಳಿದವರು ಸೋತ ಹಾಗೆ. ಇದನ್ನು ಯಾರೂ ಹೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಎಪ್ಪತ್ತೆಂಟು ವರ್ಷದ ಅತ್ತೆಗೆ ಹದಿನಾಲ್ಕು ವರ್ಷಗಳಿಂದ ನಾನು ಸೋತಿರಲಿಲ್ಲ. ಅವರೂ ಸೋತಿರಲಿಲ್ಲ.

“ಉಗಿ ಚೆನ್ನಾಗಿದೆ,” ಅಂದರು ಅತ್ತೆ, ಬಾಯಲ್ಲಿ ಉಸಿರಾಡುತ್ತಾ.

“ಹದವಾಗಿದೆ,” ಅಂದೆ ನಾನು, ಉಸಿರೇ ಆಡದೆ.

“ನೀರಿಗೆ ಪರಿಮಳ ಏನಾದ್ರೂ ಹಾಕಿದ್ದೀಯಾ ಹಿಲ್ಕಾ?”

“ಇಲ್ಲ ಅತ್ತೆ.”

“ಈಗಿನವರು ಏನೇನೋ ಹಾಕ್ತೀರಪ್ಪ. ಇರಲಿ, ಇನ್ನೊಂದು ಸೌಟು ಬಿದ್ರೆ ಹೋಗತ್ತೆ.”

ಹೋಗಲಿಲ್ಲ. ಅವರು ಮೂರನೆಯ ಸೌಟು ಸುರಿದರು. ನನ್ನ ಕಣ್ಣಲ್ಲಿ ನೀರು, ಅವರ ಕಣ್ಣಲ್ಲಿ ನೀರು. ಕೊನೆಗೆ ಅತ್ತೆಯೇ ಶರಣಾದರು.

“ಇದು ಪರಿಮಳ ಅಲ್ಲ ಕಣೇ. ಉಚ್ಚೆ!”

“ಗೊತ್ತು ಅತ್ತೆ.”

“ಗೊತ್ತಿದ್ದೂ ಕೂತಿದ್ದೀಯಾ?”

“ನೀವು ಇಳೀಲಿ ಅಂತ.”

“ಇಬ್ಬರೂ ಒಟ್ಟಿಗೆ ಇಳಿಯೋಣ. ಮೋಸ ಮಾಡಬಾರದು. ಒಂದು, ಎರಡು...”

ಮೂರಕ್ಕೆ ಇಬ್ಬರೂ ಒಟ್ಟಿಗೇ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡೆವು. ನಗು ಬಂತು. ನಕ್ಕರೆ ಉಸಿರೆಳೆಯಬೇಕು, ಉಸಿರೆಳೆದರೆ ಮತ್ತೆ ಆ ವಾಸನೆ. ಕೆಮ್ಮುತ್ತಾ ನಗುತ್ತಾ, ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದಾಗ ನನ್ನ ಗಂಡ ತೌನೋ ಸಾಸೇಜು ಹುರಿಯುತ್ತಿದ್ದ.

“ಇಷ್ಟು ಬೇಗ ಬಂದ್ರಾ?”

“ನಿಮ್ಮ ಬೆಕ್ಕು ಕಲ್ಲಿನ ಮೇಲೆ ಹೊಯ್ದಿದೆ ಕಣೋ. ಅದನ್ನ ಚೆನ್ನಾಗಿ ಕಾಯಿಸಿ ಮೂಗಲ್ಲಿ ಕುಡಿದು ಬಂದ್ವಿ,” ಅಂದರು ಅತ್ತೆ.

ತೌನೋ ಒಲೆ ಆರಿಸಿದ. ಆಗ ನನ್ನ ನಗು ನಿಂತಿತು.

ಪುಲ್ಲಾ ಆರು ವರ್ಷದ ಕಿತ್ತಳೆ ಬಣ್ಣದ ಗಂಡು ಬೆಕ್ಕು. ಬಿಟ್ಟುಹೋದ ಬೆಕ್ಕುಗಳನ್ನು ಸಾಕುವ ಆಶ್ರಯಧಾಮದಿಂದ ಏಳು ವಾರಗಳ ಪರೀಕ್ಷೆಗೆಂದು ತಂದಿದ್ದೆವು. ಹಿಂದೊಂದು ಮನೆಯವರು ಅವನನ್ನು ಅಲ್ಲಿಗೆ ವಾಪಸ್ ತಂದು ಬಿಟ್ಟಿದ್ದರು. ನಾವೂ ಬಿಟ್ಟರೆ ಅದು ಎರಡನೆಯ ಸಲ. ಎರಡು ಸಲ ವಾಪಸ್ಸಾದ ಬೆಕ್ಕನ್ನು ಮೂರನೆಯವರು ಕೇಳುವುದು ಅಪರೂಪ. ಮರುದಿನ, ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ ಆಶ್ರಯಧಾಮದ ಅನ್ನೇಲಿ ಫೋನ್ ಮಾಡುವವಳಿದ್ದಳು. ಅವನನ್ನು ಇಟ್ಟುಕೊಳ್ಳುತ್ತೇವೋ ಇಲ್ಲವೋ, ಅಷ್ಟು ಹೇಳಬೇಕಿತ್ತು. ನನ್ನ ಕಂಕುಳಲ್ಲಿ ತಲೆ ತುರುಕಿ ಮಲಗುವ ಆ ಪ್ರಾಣಿಯನ್ನು ಬಿಟ್ಟುಕೊಡುವುದನ್ನು ನಾನು ಊಹಿಸಲೂ ಸಿದ್ಧಳಿರಲಿಲ್ಲ.

“ಕಂಬಳಿ ಮೇಲೆ ಹೊಯ್ದದ್ದು ಸಹಿಸ್ಕೊಂಡೆ,” ಅಂದ ತೌನೋ. “ನನ್ನ ಹಾಕಿ ಆಟದ ಚೀಲದ ಮೇಲಿನದ್ದೂ ಸಹಿಸ್ಕೊಂಡೆ. ಸೌನಾ ಅಂದ್ರೆ ಆಗಲ್ಲ ಹಿಲ್ಕಾ. ನಾಳೆ ಬೇಡ ಅಂದುಬಿಡು.”

“ಡಾಕ್ಟರು ಗುರುವಾರ ತಾನೆ ನೋಡಿದಾರೆ. ಉಚ್ಚೆಯಲ್ಲಿ ದೋಷ ಇಲ್ಲ, ಕಲ್ಲಿಲ್ಲ ಅಂದ್ರು.”

“ಅವನ ಹೊಟ್ಟೇಲಿ ಕಲ್ಲಿಲ್ಲ, ಸರಿ. ನಮ್ಮ ಕಲ್ಲಿನ ಮೇಲೆ ಅವನಿದ್ದಾನೆ.”

ನಾನು ಫ್ರಿಜ್ಜಿನ ಬಾಗಿಲಿನಿಂದ ಒಂದು ಹಾಳೆ ಕಿತ್ತು ತಂದೆ. ಪ್ರತಿ ಅನಾಹುತದ ದಿನ, ಗಂಟೆ, ಜಾಗ ಬರೆದಿಟ್ಟಿದ್ದೆ. ಅತ್ತೆ ಕನ್ನಡಕ ಏರಿಸಿ ಜೋರಾಗಿ ಓದಿದರು. ಶನಿವಾರ, ಕಂಬಳಿ. ಭಾನುವಾರ, ಚೀಲ. ಭಾನುವಾರ, ಹಾಸಿಗೆ. ಶನಿವಾರ, ಪೇಪರಿನ ಕಟ್ಟು.

“ಇವನೇನು ರಜಾದಿನ ಮಾತ್ರ ಡ್ಯೂಟಿ ಮಾಡ್ತಾನಾ?”

ಸೋಮವಾರದಿಂದ ಶುಕ್ರವಾರದವರೆಗೆ ಒಂದೂ ಇರಲಿಲ್ಲ. ಕಲ್ಲಿನ ಮೇಲಿನದ್ದೂ ಕಳೆದ ಭಾನುವಾರದ್ದೇ ಇರಬೇಕು. ಅಂದು ಬೆಳಿಗ್ಗೆ ತಣ್ಣಗಾದ ಸೌನಾದ ಬಾಗಿಲನ್ನು ಒಣಗಲೆಂದು ತೆರೆದಿಟ್ಟಿದ್ದೆ. ಹಾಗಾದರೆ ಶನಿವಾರ ನಾವು ಏನು ಮಾಡುತ್ತೇವೆ? ಎಲ್ಲರೂ ಮಾಡುವುದನ್ನೇ. ಸೌನಾ ಕಾಯಿಸುವ ಮೊದಲು ನೆಲ, ಹಲಗೆ, ಬಚ್ಚಲು ಎಲ್ಲವನ್ನೂ ಪೈನ್ ಮರದ ಎಣ್ಣೆಯ ಸೋಪು ಹಾಕಿ ತಿಕ್ಕುತ್ತೇವೆ. ಬುರುಶು ಕೈಯಲ್ಲಿದ್ದಾಗಲೇ ಬೆಕ್ಕು ಉಚ್ಚೆ ಹೊಯ್ಯಬೇಕಾದ ಮರಳು ಪೆಟ್ಟಿಗೆಯನ್ನೂ ತಿಕ್ಕಿ ಹೊಸ ಮರಳು ತುಂಬುತ್ತೇನೆ.

ಪೆಟ್ಟಿಗೆಯನ್ನು ಎತ್ತಿ ತಂದು ಅತ್ತೆಯ ಮುಂದೆ ಹಿಡಿದೆ.

“ಆಹಾ, ಘಮ್ ಅಂತಿದೆ,” ಅಂದರು.

“ನಮಗೆ ಘಮ್. ಅವನ ಮೂಗಿಗೆ? ಆ ಸೌನಾದಲ್ಲಿ ನಮಗಾದದ್ದೇ ಅವನಿಗೆ ಪ್ರತಿ ಶನಿವಾರ ಆಗ್ತಿದೆ ಅತ್ತೆ. ಸೋಮವಾರದ ಹೊತ್ತಿಗೆ ವಾಸನೆ ಆರತ್ತೆ, ಪೆಟ್ಟಿಗೆಗೆ ವಾಪಸ್ ಬರ್ತಾನೆ.”

ಅತ್ತೆಯ ಮುಖ ಕೆಂಪಾಯಿತು. ಸೋಪು ತಂದುಕೊಟ್ಟವರು ಅವರೇ. “ಐವತ್ತು ವರ್ಷದಿಂದ ಎಲ್ಲಾ ಇದರಲ್ಲೇ ತೊಳೆದಿದ್ದೀನಿ. ಈ ತೌನೋನೂ.”

“ನನಗೂ ಇಷ್ಟ ಇರಲಿಲ್ಲ. ಓಡಿಹೋಗೋಕೆ ಬರ್ತಿರಲಿಲ್ಲ ಅಷ್ಟೇ,” ಅಂದ ತೌನೋ.

“ಇದು ಊಹೆ ಮಾತ್ರ,” ಅಂದೆ. “ಒಂದು ಪರೀಕ್ಷೆ ಮಾಡ್ತೀನಿ. ಅನ್ನೇಲಿ ಫೋನ್ ಬರೋವರೆಗೆ ಸಮಯ ಕೊಡು.”

ತೌನೋ ಅತ್ತ ಇತ್ತ ನೋಡಿದ. “ಹನ್ನೆರಡರವರೆಗೆ. ಅವನು ಪೆಟ್ಟಿಗೆಗೆ ಹೋದ್ರೆ ಇರಲಿ. ಬೇರೆ ಕಡೆ ಹೋದ್ರೂ, ಎಲ್ಲೂ ಹೋಗದೇ ಇದ್ರೂ, ಬೇಡ.”

ನೆಲಮಾಳಿಗೆಯಿಂದ ಸೋಪು ಕಾಣದ ಅಗಲ ತೊಟ್ಟಿಯೊಂದನ್ನು ತಂದು ವಾಸನೆಯಿಲ್ಲದ ಮರಳು ಸುರಿದೆ. ಅತ್ತೆ ಬಸ್ಸು ತಪ್ಪಿತೆಂದು ನಮ್ಮ ಸೋಫಾದಲ್ಲೇ ಉಳಿದರು. ಬಸ್ಸು ಇನ್ನೂ ಬಂದೇ ಇರಲಿಲ್ಲ.

ಭಾನುವಾರ ಹನ್ನೊಂದಾದರೂ ತೊಟ್ಟಿ ಒಣಗಿಯೇ ಇತ್ತು. ಮೂವರೂ ಅಡುಗೆಮನೆಯ ನೆಲದ ಮೇಲೆ ಕಾಫಿ ಹಿಡಿದು ಕುಳಿತಿದ್ದೆವು. ಪುಲ್ಲಾ ತಿಂದ, ಮೈ ನೆಕ್ಕಿಕೊಂಡ, ತೊಟ್ಟಿಯನ್ನು ಮೂಸಿ ಮುಂದೆ ಹೋದ.

“ಅಯ್ಯೋ, ಹೋಗೋ ಮಹಾರಾಯ,” ಅತ್ತೆ ಪಿಸುಗುಟ್ಟಿದರು.

ಅವನು ಹಾಕಿ ಚೀಲದತ್ತ ನಡೆದ. ತೌನೋ ಚೀಲವನ್ನು ತಲೆಯ ಮೇಲೆ ಹೊತ್ತು ಕುಳಿತ. ಪುಲ್ಲಾ ಸೌನಾದತ್ತ ತಿರುಗಿದ. ಅತ್ತೆ ಎಪ್ಪತ್ತೆಂಟರ ಮಂಡಿಯಲ್ಲೇ ತೆವಳಿ ಬಾಗಿಲಿಗೆ ಬೆನ್ನು ಕೊಟ್ಟರು.

“ನನ್ನ ದಾಟಿ ಹೋಗು, ನೋಡೋಣ!”

ಹನ್ನೊಂದು ನಲವತ್ತೊಂದಕ್ಕೆ ಅವನು ಮತ್ತೆ ತೊಟ್ಟಿಯ ಅಂಚಿಗೆ ಬಂದ.

“ನೋಡಬೇಡಿ, ನಾಚಿಕೊಳ್ತಾನೆ,” ಅಂದೆ. ಮೂವರೂ ಕಿಟಕಿಯತ್ತ ತಿರುಗಿ, ಹೊರಗೆ ಏನೂ ಇಲ್ಲದ ಹಿಮವನ್ನು ಗಂಭೀರವಾಗಿ ನೋಡಿದೆವು. ಮರಳು ಕೆದರುವ ಸದ್ದು. ನಿಂತಿತು. ಮತ್ತೆ ಕೆದರಿತು. ಆಮೇಲೆ ಮೌನ. ಮೌನದೊಳಗೆ ಸಣ್ಣಗೆ, ದೀರ್ಘವಾಗಿ, ಸುರಿಯುವ ಸದ್ದು.

ಬೆಕ್ಕು ಬೆದರಬಾರದೆಂದು ತೌನೋ ಕೂರಲು ಹಾಕಿಕೊಂಡಿದ್ದ ದಿಂಬನ್ನು ಬಾಯಿಗೆ ಒತ್ತಿಕೊಂಡು ಅದರೊಳಗೆ ಕಿರುಚಿದ. ಅತ್ತೆ ನನ್ನನ್ನು ಅಪ್ಪಿಕೊಂಡರು. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ.

ಹನ್ನೆರಡಕ್ಕೆ ಫೋನ್ ಬಂತು. ನನಗಿಂತ ಮೊದಲು ತೌನೋ ಎತ್ತಿಕೊಂಡ.

“ಇಟ್ಕೊಳ್ತೀವಿ,” ಅಂದ.

ಅನ್ನೇಲಿ ಏನೋ ಕೇಳಿದಳು.

“ತೊಂದರೆ ಏನಿಲ್ಲ. ಸೌನಾಕ್ಕೆ ಹೊಸ ಕಲ್ಲು ತರಬೇಕು, ಅಷ್ಟೇ.”

ಫೋನ್ ಇಟ್ಟ ಮೇಲೆ ಅತ್ತೆಗೆ ಅನುಮಾನ ಬಂತು. “ಪೂರ್ತಿ ಹೊಯ್ದನಾ, ಇಲ್ಲ ಅರ್ಧ ಹೊಟ್ಟೇಲೇ ಇಟ್ಕೊಂಡಿದಾನಾ? ನೀನು ವಿಜ್ಞಾನದವಳು, ತೂಕ ಹಾಕು.”

ಕಾಗದ ಹಾಸಿ, ಗಟ್ಟಿಯಾದ ಮರಳಿನ ಉಂಡೆಯನ್ನು ಸಲಿಕೆಯಲ್ಲಿ ಎತ್ತಿ ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಕಾಗದದ ತೂಕ ಕಳೆದು ಅರವತ್ತೆಂಟು ಗ್ರಾಂ. “ಪೂರ್ತಿ ಹೊಯ್ದಿದ್ದಾನೆ ಅತ್ತೆ,” ಅಂದೆ.